ಮುದ್ದಕ್ಕ ಕೂತಿದ್ದ ಜಾಗ

ಅಶ್ವತ್ಥ ಬಾಯಿ ಕಳೆದುಕೊಂಡು ಸಿನಿಮಾ ನೋಡುತ್ತಿದ್ದ. ಕಣ್ಣಿಗೆ ಆ ಕಪ್ಪು ಡಬ್ಬ ಕಟ್ಟಿಕೊಂಡವರೆಲ್ಲ ಹೀಗೇ ಎಂಬುದು ಯಾಸ್ಮಿನ್‌ಗೆ ಚೆನ್ನಾಗಿ ಗೊತ್ತಿತ್ತು. ತಮಗೆ ಎದುರಿನವರು ಕಾಣದಿದ್ದರೆ ಸಾಕು, ಎದುರಿನವರಿಗೂ ತಾವು ಕಾಣುವುದಿಲ್ಲ ಎಂದುಕೊಂಡುಬಿಡುತ್ತಾರೆ. ದೊಡ್ಡ ದೊಡ್ಡ ಹುದ್ದೆಯವರೂ ಹೆಡ್‌ಸೆಟ್ ಹಾಕಿಕೊಂಡು ಮೂಗಿಗೆ ಬೆರಳು ತೂರಿಸಿದ್ದನ್ನು ಅವಳು ಕಂಡಿದ್ದಳು. ಅಶ್ವತ್ಥ ತಿರುಗುವ ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತು, ಕೆಳತುಟಿ ಜೋಲುಬಿಟ್ಟು, ಹಲ್ಲಿನ ಸಂದಿಗೆ ಸಿಕ್ಕಿಕೊಂಡಿದ್ದ ಬಿರಿಯಾನಿಯ ಚೂರನ್ನು ನಾಲಗೆಯಿಂದ ಕೆದಕುತ್ತಿದ್ದ. ಥೂ, ಈ ಮುಖ ನೋಡಲಾರೆ ಎಂದುಕೊಂಡರೂ ಯಾಸ್ಮಿನ್ ಅದನ್ನೇ ನೋಡುತ್ತಿದ್ದಳು. ಏನು ಮಾಡುವುದು, ಅವಳ ಮುಂದಿನ ದಾರಿ ಆ ಮುಖ ಏನನ್ನುತ್ತದೆ ಅನ್ನುವುದರ ಮೇಲೇ ನಿಂತಿತ್ತು.

ಶಿರಾದ ಹಳೇ ಪೇಟೆಯಲ್ಲಿ ಅವಳ ಅಬ್ಬಾ ಖಲೀಲುಲ್ಲಾ ಸಾಹೇಬರ ಫೋಟೋ ಸ್ಟುಡಿಯೋ ಇದೆ. ಅದರ ಮಹಡಿಯ ಮೇಲಿನ ಕೋಣೆ ಇದು. ಅಶ್ವತ್ಥನೂ ಈ ಕಡೆಯವನೇ, ಕೊರಟಗೆರೆಯವನು. ಈಗ ಬೆಂಗಳೂರಿನಲ್ಲಿ ಇಂಥ, ಹೆಡ್‌ಸೆಟ್ ಹಾಕಿಕೊಂಡು ತಲೆ ತಿರುಗಿಸಿದ ಕಡೆಯೆಲ್ಲ ಕಾಣುವ ಸಿನಿಮಾಗಳನ್ನೇ ಆರಿಸಿ ತೋರಿಸುವ ಒಂದು ಮೇಳ ನಡೆಸುತ್ತಿದ್ದ. ಅಲ್ಲಿ ತೋರಿಸಿದರೆ ಹೊರದೇಶದವರ ಕಣ್ಣಿಗೂ ಬೀಳಬಹುದು. ಯಾಸ್ಮಿನ್ ವರ್ಷಗಟ್ಟಲೆ ಮದುವೆ ವಿಡಿಯೋ ತೆಗೆದವಳು. ಅದರ ನಡುವೆಯೇ ತನ್ನದು ಅಂತ ಎರಡು ಸಾಕ್ಷ್ಯಚಿತ್ರ ಮಾಡಿದ್ದಳು. ಒಂದನ್ನು ಮಧುಗಿರಿಯ ಕಾಲೇಜಿನಲ್ಲಿ ತೋರಿಸುವಾಗ ಕರೆಂಟು ಹೋಯಿತು. ಇನ್ನೊಂದನ್ನು ಅವಳೂ ಅಬ್ಬಾನೂ ಬಿಟ್ಟರೆ ಮತ್ಯಾರೂ ಪೂರ್ತಿ ನೋಡಲಿಲ್ಲ. ಇದು ಮೂರನೆಯದು. ಇದೂ ಹೋಯಿತೆಂದರೆ ಮತ್ತೆ ಛತ್ರಗಳಲ್ಲಿ ಅಕ್ಷತೆ ಬೀಳುವುದನ್ನು ತೆಗೆಯುತ್ತಾ ಕೂರಬೇಕು.

ಸಿನಿಮಾ ಮಿಡಿಗೇಶಿಯ ರಾಮಾಂಜನೇಯ ಎಂಬುವನ ಕುರಿತದ್ದು. ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿ ಪಟಾಲಮ್ಮನನ್ನು, ಆಕೆ ಕಣ್ಣು ಮುಚ್ಚುವವರೆಗೂ ತನ್ನ ಕೈಯಾರೆ ಮಗುವಿನ ಹಾಗೆ ನೋಡಿಕೊಂಡ ಮಗ ಅಂತ ಪೇಪರಿನಲ್ಲಿ ಬಂದಿತ್ತು. ಮಧುಗಿರಿಯ ಯಾವುದೋ ಸಂಘದವರು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಯಾಸ್ಮಿನ್ ಕ್ಯಾಮೆರಾವನ್ನು ಪಟಾಲಮ್ಮ ಮಲಗುತ್ತಿದ್ದ ಮಂಚದ ಮೇಲೆಯೇ, ಅವಳ ತಲೆ ಇರುತ್ತಿದ್ದ ಕಡೆ ನಿಲ್ಲಿಸಿದ್ದಳು. ಹೆಡ್‌ಸೆಟ್ ಹಾಕಿಕೊಂಡವರು ಆ ತಾಯಿಯ ಜಾಗದಲ್ಲಿ ಇರುತ್ತಾರೆ. ಕತ್ತೆತ್ತಿದರೆ ಹೆಂಚು, ಬಗ್ಗಿಸಿದರೆ ಹಾಸಿಗೆ, ಎದುರಿಗೆ ಕೂತು ಮಾತಾಡುವ ಮಗ. ಇದು ಹೊಳೆದ ದಿನ ಅವಳಿಗೆ ಊಟವೇ ಸೇರಿರಲಿಲ್ಲ, ಅಷ್ಟು ಖುಷಿ.

ಅಶ್ವತ್ಥನ ಮುಖದಲ್ಲಿ ಮಾತ್ರ ಖುಷಿಯ ಸುಳಿವೇ ಇರಲಿಲ್ಲ. ಒಮ್ಮೆ ಆಕಳಿಸಿದ. ಆಮೇಲೆ ಬೇಜಾರಿಗೋ ಏನೋ ಕಾಲಲ್ಲಿ ನೆಲ ಒದ್ದು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ. ತಿರುಗಿದವನು ಕುರ್ಚಿಯನ್ನು ಅಲ್ಲೇ ತಡೆದ. ಜೋತಿದ್ದ ತುಟಿ ಒಳಕ್ಕೆ ಹೋಯಿತು.

“ಅಯ್ಯೋ ದೇವ್ರೇ! ಯಾರ್ರೀ ಇವ್ಳು?” ಎಂದು ಕಿರುಚಿದ. “ಹಿಂದೆ ಕೂತಿದ್ದಾಳಲ್ಲ, ಇವ್ಳು ಯಾರು?”

“ಹಿಂದೆ? ಹಿಂದೆ ಯಾರೂ ಇಲ್ಲವಲ್ಲ ಸರ್.”

“ನೀವೇ ನೋಡ್ರೀ ಬನ್ನಿ!”

ಅವನು ಬಿಚ್ಚಿಕೊಟ್ಟ ಹೆಡ್‌ಸೆಟ್ಟಿನ ಒಳಗಿನ ಸ್ಪಂಜು ಅವನ ಬೆವರಿಗೆ ಒದ್ದೆಯಾಗಿತ್ತು. ಒರೆಸಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ಯಾಸ್ಮಿನ್ ಹಾಗೇ ಮುಖಕ್ಕೆ ಒತ್ತಿಕೊಂಡಳು. ಅವನ ಮಸಾಲೆಯ ಉಸಿರು, ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು.

ಎದುರಿಗೆ ರಾಮಾಂಜನೇಯ, ಹೆಗಲ ಮೇಲೆ ಸನ್ಮಾನದ ಶಾಲು. “ನಮ್ಮವ್ವ ಹಾಸ್ಗೇನಾಗೇ ಎಲ್ಲಾ ಮಾಡ್ಕಳೋಳು. ಬಳ್ದು ಹಾಕಿದ್ದು ಈ ಕೈ ಕಣಮ್ಮ. ಒಂದಿನ ಅಸಹ್ಯ ಪಟ್ಕಳ್ಲಿಲ್ಲ. ಬಿಸ್ನೀರು ಕಾಯ್ಸಿ, ಮೈ ಒರ್ಸಿ, ಬಟ್ಟೆ ಒಗ್ದು... ಈ ಕೈ!” ಎರಡೂ ಕೈ ಎತ್ತಿ ತೋರಿಸುತ್ತಿದ್ದ. ಕಣ್ಣಲ್ಲಿ ನೀರು.

ಯಾಸ್ಮಿನ್ ಹಿಂದಕ್ಕೆ ತಿರುಗಿದಳು. ಮಂಚದ ತಲೆಯ ಕಡೆ, ಗೋಡೆಗೆ ಒರಗಿ, ಮಂಡಿ ಮಡಿಸಿಕೊಂಡು ರಾಮಾಂಜನೇಯನ ಹೆಂಡತಿ ಮುದ್ದಕ್ಕ ಕೂತಿದ್ದಳು. ಗಂಡನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಮೂಗಿನ ಹೊಳ್ಳೆ ಅರಳಿ, ತುಟಿ ಒಂದು ಕಡೆಗೆ ಎಳೆದು, ಎಲ್ಲೋ ಕೊಳೆತದ್ದನ್ನು ತುಳಿದವಳ ಮುಖ. ಬರೀ ಅಸಹ್ಯ. “ಈ ಕೈ” ಎಂದು ಅವನು ಕೂಗಿದಾಗ ಮುದ್ದಕ್ಕ ತನ್ನ ಬಲಗೈ ಎತ್ತಿ ಬೆರಳು ಮೂಸಿಕೊಂಡಳು. ಸೀರೆಗೆ ಒರೆಸಿದಳು. ಮತ್ತೆ ಮೂಸಿಕೊಂಡಳು. ಯಾರೂ ನೋಡದಾಗ ಎಷ್ಟೋ ವರ್ಷದಿಂದ ಹಾಗೆ ಮಾಡುತ್ತಾ ಬಂದವಳಂತೆ, ಅದು ಅವಳಿಗೇ ಗೊತ್ತಿಲ್ಲದ ಹಾಗೆ.

ಬಳಿದು ಹಾಕಿದ ಕೈ ಯಾವುದು ಅಂತ ಇನ್ಯಾರೂ ಹೇಳಬೇಕಾಗಿರಲಿಲ್ಲ.

ಇಷ್ಟು ದಿನ ಎಡಿಟಿಂಗ್ ಮಾಡಿದವಳಿಗೆ ಇದು ಹೇಗೆ ಕಾಣಲಿಲ್ಲ? ಕಂಡಿತ್ತು, ಕಂಡೂ ಕಂಡಿರಲಿಲ್ಲ. ಸುತ್ತಲೂ ತೆಗೆದದ್ದನ್ನು ಲ್ಯಾಪ್‌ಟಾಪಿನಲ್ಲಿ ಉದ್ದಕ್ಕೆ ಹಾಸಿದಾಗ ಬೆನ್ನ ಹಿಂದಿನದು ಸೀಳಿಹೋಗಿ ಅರ್ಧ ಎಡದ ಅಂಚಿಗೆ, ಅರ್ಧ ಬಲದ ಅಂಚಿಗೆ ಬೀಳುತ್ತದೆ. ಅಲ್ಲೊಂದು ಭುಜ, ಇಲ್ಲೊಂದು ಮಂಡಿ. ಯಾರೋ ಅಡ್ಡ ಬಂದಿದ್ದಾರೆ, ಕೊನೆಗೆ ಅಳಿಸಿದರಾಯಿತು ಎಂದು ಬಿಟ್ಟಿದ್ದಳು. ಎರಡು ಅರ್ಧ ಸೇರಿಸಿ ನೋಡುವ ಪುರುಸೊತ್ತು ಯಾರಿಗಿತ್ತು? ಅವಳ ಕಣ್ಣೆಲ್ಲ ನಡುವೆ ಕೂತ ರಾಮಾಂಜನೇಯನ ಮೇಲೇ ಇತ್ತು.

ಅದಕ್ಕಿಂತ ಕೆಟ್ಟದ್ದು ಈಗ ನೆನಪಾಯಿತು. ಶೂಟಿಂಗ್ ದಿನ ಮುದ್ದಕ್ಕ, “ನನ್ನ ಮಾತ್ರ ತೆಗೀಬ್ಯಾಡಿ ಮೇಡಮ್ಮ, ನಾ ಆಚ್ಗೆ ಓಗ್ತೀನಿ” ಎಂದು ಎದ್ದಿದ್ದಳು. ಆಗ ಯಾಸ್ಮಿನ್ನೇ, “ಅಯ್ಯೋ ಬಿಸಿಲಲ್ಲಿ ಯಾಕೆ ಹೋಗ್ತೀರಾ ಅಕ್ಕ, ಕ್ಯಾಮೆರಾ ಹಿಂದೆ ಬಂದು ಕೂತ್ಕೊಳ್ಳಿ” ಎಂದಿದ್ದಳು. ಮದುವೆ ಮನೆಗಳಲ್ಲಿ ಮುಖ ಮರೆಸಿಕೊಳ್ಳುವ ಹೆಂಗಸರಿಗೆ ಹೇಳಿ ಹೇಳಿ ನಾಲಗೆಗೆ ಕೂತುಬಿಟ್ಟಿದ್ದ ಮಾತು. ಹೇಳಿದವಳು ಕ್ಯಾಮೆರಾ ನಡೆಸುವ ಮೊಬೈಲು ಹಿಡಿದುಕೊಂಡು ಬಾಗಿಲಾಚೆ ಹೋಗಿ ಅಡಗಿದ್ದಳು. ಯಾಕೆಂದರೆ ಈ ಕ್ಯಾಮೆರಾಕ್ಕೆ ಎರಡೂ ಕಡೆ ಕಣ್ಣು, ಅಲ್ಲಿದ್ದರೆ ತಾನೂ ಅದರಲ್ಲಿ ಬಿದ್ದುಬಿಡುತ್ತಾಳೆ. ತಾನು ಅಡಗಬೇಕೆಂಬ ಬುದ್ಧಿ ಇತ್ತು, ಆ ಹೆಂಗಸನ್ನು ಅಡಗಿಸಬೇಕೆಂಬ ಬುದ್ಧಿ ಇರಲಿಲ್ಲ.

“ಯಾಸ್ಮಿನ್, ಇದೇ ಕಣ್ರೀ ಸಿನಿಮಾ!” ಅಶ್ವತ್ಥ ಕೋಣೆಯ ತುಂಬ ಓಡಾಡುತ್ತಿದ್ದ. “ಮುಂದೆ ಸುಳ್ಳು, ಹಿಂದೆ ನಿಜ. ತಿರುಗಿ ನೋಡಿದವನಿಗೆ ಮಾತ್ರ ಸಿಗೋ ನಿಜ! ಆ ಮೂಸಿ ನೋಡೋದಿದೆಯಲ್ಲ, ಅಬ್ಬಬ್ಬಾ, ನನಗೆ ಮೈಯೆಲ್ಲ ಜುಮ್ ಅಂತು. ಹೇಳಿ ಮಾಡಿಸಿದ್ರಾ? ಪ್ಲಾನ್ ಮಾಡಿದ್ರಾ?”

“ಹೂಂ,” ಎಂದಳು ಯಾಸ್ಮಿನ್.

ಅಂದವಳಿಗೆ ತನ್ನ ಬಾಯಿಯೇ ಹೊಲಸಾದಂತಾಯಿತು. ಆದರೂ ಅಂದಿದ್ದಳು. ಒಳಗೊಳಗೇ, ಸಿಕ್ಕಿತು, ಕೊನೆಗೂ ಸಿಕ್ಕಿತು ಎಂದು ಏನೋ ಕುಣಿಯುತ್ತಲೂ ಇತ್ತು. ಆ ಕುಣಿತ ನೆನೆದೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು.

“ಸರ್, ಆಕೆ ನನ್ನ ತೆಗೀಬೇಡಿ ಅಂದಿದ್ದರು.”

“ಅಯ್ಯೋ ಬಿಡ್ರೀ. ಒಂದು ಒಪ್ಪಿಗೆ ಪತ್ರ ತಗೊಂಡು ಹೋಗಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬನ್ನಿ. ಹಳ್ಳಿಯೋರು, ಅವ್ರಿಗೇನು ಗೊತ್ತಾಗುತ್ತೆ? ಹೆಣ್ಮಕ್ಕಳ ಬವಣೆ ಪ್ರಪಂಚಕ್ಕೆ ತೋರಿಸ್ತೀವಿ ಅನ್ನಿ, ಖುಷಿ ಪಡ್ತಾಳೆ.” ಅವನು ಹಲ್ಲಿನಿಂದ ಕೊನೆಗೂ ಆ ಚೂರನ್ನು ಕಿತ್ತು ನೆಲಕ್ಕೆ ಉಗಿದ. “ಒಂದು ಮಾತು. ಹಿಂದೆ ಅವ್ಳು ಇಲ್ಲ ಅಂದ್ರೆ ಇದು ಬರೀ ಸನ್ಮಾನದ ವಿಡಿಯೋ. ನನಗೆ ಬೇಡ. ನಾಳೆ ಸಂಜೆಯೊಳಗೆ ತಿಳಿಸಿ.”

ಅವನ ಕಾರು ಹೋದ ಮೇಲೆ ಯಾಸ್ಮಿನ್ ಕೆಳಗಿಳಿದಳು. ಅಬ್ಬಾ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿದ್ದರು. ಅವಳು ಎಲ್ಲ ಹೇಳಿದಳು, ತಾನು ಹೂಂ ಅಂದದ್ದೊಂದನ್ನು ಬಿಟ್ಟು.

“ಜನಾನಾ ಕಡೆಯ ಕ್ಯಾಸೆಟ್ ನಾನು ಯಾವತ್ತಾದ್ರೂ ಇಟ್ಕೊಂಡಿದ್ದೆನಾ ಬೇಟಾ?” ಎಂದರು ಅಬ್ಬಾ.

ಇಟ್ಟುಕೊಂಡಿರಲಿಲ್ಲ. ಶಿರಾದಲ್ಲಿ ಖಲೀಲ್ ಸ್ಟುಡಿಯೋಗೆ ಹೆಸರು ಬಂದದ್ದೇ ಅದರಿಂದ. ನಿಕಾಹ್ ಮನೆಯ ಜನಾನಾದಲ್ಲಿ, ಹೆಂಗಸರ ಕಡೆ, ಅಮ್ಮಿ ಗೌಸಿಯಾ ತೆಗೆಯುತ್ತಿದ್ದಳು, ಅವಳ ಕಣ್ಣು ಮಂದವಾದ ಮೇಲೆ ಯಾಸ್ಮಿನ್. ಆ ಕ್ಯಾಸೆಟ್ಟನ್ನು ಅಬ್ಬಾ ಕೂಡ ನೋಡುವಂತಿರಲಿಲ್ಲ. ಮೊದಲು ಆ ಮನೆಯ ಹಿರಿಯ ಹೆಂಗಸಿಗೆ ತೋರಿಸಬೇಕು. ಇವಳದ್ದು ತೆಗಿ, ಅವಳು ಕುಣಿದದ್ದು ತೆಗಿ ಎಂದರೆ ಅಲ್ಲೇ ಅಳಿಸಬೇಕು. ಆಮೇಲೆ ಕ್ಯಾಸೆಟ್ಟನ್ನೇ ಅವರ ಕೈಗೆ ಕೊಟ್ಟು ಬರಬೇಕು. ಅಂಗಡಿಯಲ್ಲಿ ನಕಲು ಉಳಿಯಕೂಡದು.

“ಅದು ಮದುವೆ ಅಬ್ಬಾ. ಇದು ಸಿನಿಮಾ.”

“ಹಾಂ, ಹಾಂ, ಸಿನಿಮಾ,” ಎಂದು ಅಬ್ಬಾ ಮತ್ತೆ ಕತ್ತರಿ ಕೈಗೆ ತೆಗೆದುಕೊಂಡರು. ಆ ಹಾಂ ಹಾಂ ಕೇಳಿ ಯಾಸ್ಮಿನ್‌ಗೆ ಮೈ ಉರಿದುಹೋಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮೇಲೆ ಹೋಗಿ ಇನ್ನೊಂದು ಪ್ರತಿ ಮಾಡಿದಳು. ಶೂಟಿಂಗಿಗೆ ಮುಂಚೆ ಖಾಲಿ ಮನೆಯನ್ನು ಒಮ್ಮೆ ತೆಗೆದಿಟ್ಟುಕೊಳ್ಳುವುದು ರೂಢಿ. ಆ ಖಾಲಿ ಗೋಡೆಯನ್ನು ಮುದ್ದಕ್ಕನ ಮೇಲೆ ಅಂಟಿಸಿದಾಗ ಮುದ್ದಕ್ಕ ಅಲ್ಲಿ ಇರಲೇ ಇಲ್ಲ. ಎಷ್ಟು ಸಲೀಸು, ಅಂದುಕೊಂಡಳು. ಎರಡನ್ನೂ ಹೆಡ್‌ಸೆಟ್ಟಿಗೆ ತುಂಬಿಸಿ, ಶೂಟಿಂಗಿನ ಮೂಲ ಕಾರ್ಡನ್ನು ಒಂದು ಪುಟ್ಟ ಕವರಿಗೆ ಹಾಕಿ, ಲ್ಯಾಪ್‌ಟಾಪಿನ ಜೊತೆ ಚೀಲಕ್ಕಿಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ಮಧುಗಿರಿಗೆ ಹೋಗಿ, ಮಿಡಿಗೇಶಿಗೆಂದು ಪಾವಗಡದ ಬಸ್ಸು ಹತ್ತಿದಾಗ ಅವಳ ಮನಸ್ಸಿನಲ್ಲಿದ್ದದ್ದು ಅಬ್ಬಾನ ಮಾತಲ್ಲ. ಮುದ್ದಕ್ಕನನ್ನು ಒಪ್ಪಿಸುವ ಮಾತುಗಳನ್ನು ಜೋಡಿಸುತ್ತಿದ್ದಳು. ನಿಮ್ಮ ಕಷ್ಟ ಎಲ್ಲರಿಗೂ ಗೊತ್ತಾಗಲಿ ಅಕ್ಕ. ನೀವು ಮಾಡಿದ್ದಕ್ಕೆ ಇವತ್ತಲ್ಲ ನಾಳೆ ಬೆಲೆ ಸಿಗಬೇಕು ಅಕ್ಕ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಡಲೇಕಾಯಿ ಸುಲಿದು ಸಿಪ್ಪೆಯನ್ನು ಇವಳ ಕಾಲ ಮೇಲೇ ಉದುರಿಸುತ್ತಿದ್ದಳು. ಅದನ್ನು ಕೊಡವಿಕೊಳ್ಳುವಾಗ ಯಾಸ್ಮಿನ್‌ಗೆ ಹೊಳೆಯಿತು, ತಾನು ಜೋಡಿಸಿದ್ದೆಲ್ಲ ಅಶ್ವತ್ಥನ ಮಾತೇ, ಅಕ್ಕ ಅನ್ನುವುದೊಂದೇ ತನ್ನದು.

ಮುದ್ದಕ್ಕ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಸುತ್ತಲೂ ಸಿಪ್ಪೆ, ಬೀಜ. ಹೆಗಲಿಗೆ ಚೀಲ ಹಾಕಿಕೊಂಡು ಬಂದವಳನ್ನು ನೋಡಿ ಕೊಡತಿ ಪಕ್ಕಕ್ಕಿಟ್ಟು, “ಬಾರಮ್ಮ, ಬಾ. ಎಂಗೆ ಬಂದ್ರಿ, ಬಸ್ನಾಗಾ? ನಮ್ಮೆಜಮಾನ್ರು ಇಲ್ವಲ್ಲ. ಮಧುಗಿರೀಗೆ ಓಗವ್ರೆ. ಇನ್ನೊಂದು ಶಾಲು ಹೊದುಸ್ತಾರಂತೆ” ಎಂದಳು. ಕೊನೆಯ ಮಾತಿಗೆ ಮುಖದಲ್ಲಿ ಏನೂ ಕಾಣಿಸಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸೌಮ್ಯ ಮುಖ ಅದು.

“ನಿಮ್ಮನ್ನೇ ನೋಡಕ್ಕೆ ಬಂದೆ ಮುದ್ದಕ್ಕ. ನಿಮಗೊಂದು ತೋರಿಸ್ಬೇಕು.”

ಒಳಗೆ ಕರೆದುಕೊಂಡು ಹೋಗಿ, ಸ್ಪಂಜನ್ನು ಚೆನ್ನಾಗಿ ಒರೆಸಿ, ತಲೆಗೆ ಕಟ್ಟಿದಳು. ಮಂಚ ಈಗ ಗೋಡೆಗೆ ಸರಿದಿತ್ತು. ಅದರ ಮೇಲೆ ರಾಗಿ ಮೂಟೆ. ಮುದ್ದಕ್ಕ ಮೊದಲು ನಕ್ಕಳು. ಗಾಳಿಯಲ್ಲಿ ಕೈ ಚಾಚಿ ಗಂಡನ ಶಾಲು ಮುಟ್ಟಲು ಹೋದಳು. “ಅಯ್ಯಯ್ಯೋ, ಇಲ್ಲೇ ಕುಂತವ್ನಲ್ಲ ಆಯಪ್ಪ! ಶುರು ಹಚ್ಕಂಡ ನೋಡು ಹರಿಕಥೆಯ.”

“ಮುದ್ದಕ್ಕ... ಒಂದ್ಸಲ ಹಿಂದಕ್ಕೆ ತಿರುಗಿ.”

ಮುದ್ದಕ್ಕ ತಿರುಗಿದಳು. ನಗು ನಿಂತಿತು. ಯಾಸ್ಮಿನ್‌ಗೆ ಕಾಣುತ್ತಿದ್ದದ್ದು ಡಬ್ಬದ ಕೆಳಗಿನ ಬಾಯಿ, ಗಲ್ಲ ಅಷ್ಟೇ. ಕಣ್ಣು ಕಟ್ಟಿಸಿಕೊಂಡವಳ ಬಾಯನ್ನು ಹೀಗೆ ಕದ್ದು ನೋಡುವುದು ಸರಿಯಲ್ಲ ಅನ್ನಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೆಡ್‌ಸೆಟ್ಟಿನ ಸಣ್ಣ ಸ್ಪೀಕರಿನಿಂದ ರಾಮಾಂಜನೇಯನ ದನಿ ಸೊಳ್ಳೆಯ ಹಾಗೆ ಕೇಳುತ್ತಲೇ ಇತ್ತು, ಈ ಕೈ, ಈ ಕೈ. ಅದು ನಿಲ್ಲುವವರೆಗೂ ಮುದ್ದಕ್ಕ ಮುಂದಕ್ಕೆ ತಿರುಗಲಿಲ್ಲ.

ಡಬ್ಬ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀವೇ ಏಳಿದ್ರಲ್ಲ ಮೇಡಮ್ಮ, ಹಿಂದೆ ಬಂದು ಕುಂತ್ಕಳಿ ಅಂತ.”

“ಹೇಳಿದ್ದೆ ಅಕ್ಕ. ನನ್ನದೇ ತಪ್ಪು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಆ ಕ್ಯಾಮೆರಾಕ್ಕೆ ಹಿಂದೆ ಅನ್ನೋದೇ ಇಲ್ಲ.”

“ಹಿಂದೆ ಇಲ್ದಿರೋ ಕ್ಯಾಮ್ರಾನಾ? ಥೂ! ಎಂಥಾ ದರಿದ್ರ ಮಿಷನ್ನಮ್ಮ ಅದು!” ಮುದ್ದಕ್ಕ ಡಬ್ಬವನ್ನು ಮಡಿಲಿನಿಂದೆತ್ತಿ ಚಾಪೆಯ ಮೇಲಿಟ್ಟಳು. “ಯಾರ್ಯಾರು ನೋಡವ್ರೆ ಇದ್ನ?”

“ನಾನು. ಇನ್ನೊಬ್ಬರು. ಬೆಂಗಳೂರಿನವರು.” ನಿಲ್ಲಿಸಬೇಕೆಂದುಕೊಂಡರೂ ಜೋಡಿಸಿಟ್ಟಿದ್ದ ಮಾತು ಹೊರಗೆ ಬಂದೇಬಿಟ್ಟಿತು. “ಅವರಿಗೆ ತುಂಬಾ ಹಿಡಿಸ್ತು ಅಕ್ಕ. ಇದನ್ನ ಎಲ್ಲಾ ಕಡೆ ತೋರಿಸ್ತಾರಂತೆ. ಮಾಡಿದ್ದೆಲ್ಲ ನೀವು, ಶಾಲು ಹೊದ್ಕೊಂಡಿದ್ದು ಅವರು. ಇದು ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ್ವಾ?”

“ಗೊತ್ತಾದ್ರೆ? ಬಂದು ಬಳೀತಾರಾ?”

ಯಾಸ್ಮಿನ್ ಚಾಪೆಯ ಮೇಲಿದ್ದ ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅಲ್ಲ, ಒಂದು ಕೇಳ್ತೀನಿ,” ಮುದ್ದಕ್ಕ ಡಬ್ಬದ ಕಡೆ ಗಲ್ಲ ಚಾಚಿದಳು. “ಎದ್ರಿಗೇ ಇದ್ದಂಗೆ ಕಾಣ್ತದೆ. ಮಾತೂ ಕೇಳ್ತದೆ. ಇದ್ರಾಗೆ ನಾತ ಬರಕಿಲ್ವಾ?”

“ಇಲ್ಲ. ವಾಸನೆ ಬರಲ್ಲ.”

“ಮತ್ತೇನ್ ಗೊತ್ತಾಗ್ತದೆ ಬುಡು ಅವ್ರಿಗೆ!” ಮುದ್ದಕ್ಕ ನಕ್ಕುಬಿಟ್ಟಳು. ನಕ್ಕವಳ ದನಿ ಆಮೇಲೆ ಕೆಳಗಿಳಿಯಿತು. “ಲಕ್ವ ಹೊಡ್ದ ಮ್ಯಾಲೆ ನಮ್ಮತ್ತೇಗೆ ಮಾತು ಬಿದ್ದೋಗಿತ್ತು. ಕಣ್ಣಾಗೇ ಕರೆಯೋಳು. ನಾ ಅಲ್ಲೇ ತಲೆ ದಿಕ್ಕಾಗೇ ಕುಂತಿರ್ತಿದ್ದೆ. ಒಂದ್ಸಲ ಮೈ ತೊಳ್ದು ಸೀರೆ ಸುತ್ತಿದ್ರೆ ಕಣ್ಣಾಗೆ ನೀರು ತುಂಬ್ಕಳೋಳು. ಅವ್ಳಿಗೆ ಗೊತ್ತಿತ್ತು. ಸಾಕು.”

“ಅವರು ಏನೂ ಮಾಡ್ತಿರಲಿಲ್ವಾ?”

“ಆಯಪ್ಪನಾ? ಮಾಡ್ತಿದ್ದ. ಬಾಗ್ಲಾಗೆ ನಿಂತ್ಕಂಡು, ಟವಲ್ನಾಗೆ ಮೂಗು ಮುಚ್ಕಂಡು ಅಳೋನು. ಅಳೋದೂ ಒಂದು ಕೆಲ್ಸ ಅಲ್ವಾ ಮತ್ತೆ!” ಅವಳ ಬಲಗೈ ಮೂಗಿನ ಕಡೆಗೆ ಎದ್ದಿತು. ಈ ಸಲ ಅದು ಅವಳಿಗೆ ಗೊತ್ತಾಯಿತು. ಅರ್ಧದಲ್ಲೇ ತಡೆದು ಕೈಯನ್ನು ಮಡಿಲಿಗೆ ಇಳಿಸಿಕೊಂಡಳು. “ನೋಡಮ್ಮ, ಆ ಮಕ ನಂಗೂ ಗೊತ್ತಿರ್ಲಿಲ್ಲ. ಈಗ್ಲೇ ನೋಡಿದ್ದು. ಮದ್ವೆಯಾಗಿ ಇಷ್ಟು ವರ್ಷಕ್ಕೂ ಆಯಪ್ಪನ ಎದ್ರಿಗೆ ಒಂದಿನ ಅಂಗೆ ಮಕ ಮಾಡಿಲ್ಲ ನಾನು. ಇನ್ನೂ ಎಷ್ಟು ವರ್ಷ ಉಣ್ಣಾಕಿಕ್ಕಬೇಕೋ. ಆ ಮಕ ಒಂದಾರ ನಂದಾಗಿರ್ಲಿ. ಯಾರಿಗೂ ಕೊಡಕಿಲ್ಲ.”

“ಕೊಡ್ಬೇಡಿ,” ಎಂದಳು ಯಾಸ್ಮಿನ್. ಅಂದಾಗ ಸಂಕಟವಾಯಿತು. ಮುದ್ದಕ್ಕನಿಗಾಗಿ ಅಲ್ಲ, ಸುಳ್ಳು ಯಾಕೆ, ತನ್ನ ಸಿನಿಮಾಕ್ಕಾಗಿ. ಅಷ್ಟು ಒಳ್ಳೆಯದನ್ನು ಅವಳು ಯಾವತ್ತೂ ತೆಗೆದಿರಲಿಲ್ಲ. ಮುಂದೆ ತೆಗೆಯುತ್ತೇನೆಂಬ ಧೈರ್ಯವೂ ಇರಲಿಲ್ಲ.

ಲ್ಯಾಪ್‌ಟಾಪು ತೆರೆದು ಅದರಲ್ಲಿದ್ದದ್ದನ್ನು ಮುದ್ದಕ್ಕನ ಕಣ್ಣೆದುರಿಗೇ ಅಳಿಸಿದಳು. ಹೆಡ್‌ಸೆಟ್ಟಿನಲ್ಲಿದ್ದದ್ದನ್ನೂ ಅಳಿಸಿದಳು. ಖಾಲಿ ಗೋಡೆಯ ಪ್ರತಿ ಮಾತ್ರ ಉಳಿಯಿತು. ಕೊನೆಗೆ ಕವರಿನಿಂದ ಉಗುರಗಲದ ಮೂಲ ಕಾರ್ಡನ್ನು ತೆಗೆದು ಅವಳ ಅಂಗೈಗಿಟ್ಟಳು.

“ಇಷ್ಟೇನಾ? ಇದ್ರಾಗದಾ ನನ್ನ ಮಕ?”

“ಹೂಂ. ಇನ್ನೆಲ್ಲೂ ಇಲ್ಲ. ಒಲೆಗೆ ಹಾಕಿದ್ರೆ ಮುಗೀತು.”

ಮುದ್ದಕ್ಕ ಅದನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದಳು. ಒಲೆಯ ಕಡೆ ಹೋಗಲಿಲ್ಲ. ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು, ಸುಣ್ಣದ ಡಬ್ಬಿಯ ಪಕ್ಕ ಕಾರ್ಡನ್ನು ಸೇರಿಸಿ, ದಾರ ಎಳೆದು ಮತ್ತೆ ಸಿಕ್ಕಿಸಿಕೊಂಡಳು. “ನನ್ ತಾವೇ ಇರ್ಲಿ” ಎಂದು ಎದ್ದು, ಕಾಫಿಗೆ ನೀರಿಡಲು ಹೋದಳು.

ಯಾಸ್ಮಿನ್ ಅಲ್ಲೇ ಕೂತು ಅಶ್ವತ್ಥನಿಗೆ ಮೆಸೇಜು ಹಾಕಿದಳು. ಹಿಂದೆ ಬರೀ ಗೋಡೆ ಇದೆ ಸರ್, ಇನ್ನೇನೂ ಇಲ್ಲ. ಉತ್ತರಕ್ಕೆ ತಡವಾಗಲಿಲ್ಲ. ಛೆ, ಎಂಥಾ ಅವಕಾಶ ಕಳ್ಕೊಂಡ್ರಿ, ಮುಂದಿನ ವರ್ಷ ನೋಡೋಣ. ಕೆಳಗೆ ಕೈ ಮುಗಿಯುವ ಒಂದು ಚಿತ್ರ. ಆ ಜೋಡಿಸಿದ ಕೈಗಳನ್ನು ನೋಡಿ ಅವಳು ಫೋನನ್ನೇ ಆರಿಸಿ ಚೀಲದೊಳಕ್ಕೆ ಎಸೆದಳು.

ಕಾಫಿ ಕುಡಿದು ಹೊರಡಬೇಕು ಅನ್ನುವಾಗ ರಾಮಾಂಜನೇಯ ಬಂದ. ಕೊರಳಲ್ಲಿ ಹಾರ ಹಾಗೇ ಇತ್ತು. ಬಸ್ಸಿನಲ್ಲಿಯೂ ತೆಗೆದಿರಲಿಲ್ಲವೆಂದು ಕಾಣುತ್ತದೆ, ಅರ್ಧ ಹೂ ಉದುರಿ ದಾರ ಕಾಣುತ್ತಿತ್ತು. ಹೆಗಲ ಮೇಲೆ ಹೊಸ ಶಾಲು, ಮಡಿಕೆ ಕೂಡ ಬಿಚ್ಚಿರಲಿಲ್ಲ.

“ಓಹೋ ಮೇಡಮ್ಮೋರು! ಏನ್ ನಮ್ಮ ಪುಣ್ಯ! ಸಿನ್ಮಾ ರೆಡಿ ಆಯ್ತಾ? ಎಲ್ಲಿ, ನಂಗೂ ತೋರ್ಸಿ ಮತ್ತೆ. ನಮ್ಮವ್ವನ ಮಂಚದ ಮ್ಯಾಲಿಂದ ನಾ ಎಂಗೆ ಕಾಣ್ತೀನೋ ನೋಡಾನ.”

ಯಾಸ್ಮಿನ್ ಮುದ್ದಕ್ಕನ ಕಡೆ ನೋಡಿದಳು.

“ತೋರ್ಸಿ,” ಎಂದಳು ಮುದ್ದಕ್ಕ. ಮುಖ ಎಂದಿನ ಹಾಗೇ ಸೌಮ್ಯವಾಗಿತ್ತು. “ಪಾಪ, ಆಸೆಪಡ್ತಾವ್ರೆ.”

ಹಾರ ತೆಗೆಯಲೊಪ್ಪದೆ, ಶಾಲನ್ನೂ ಬಿಡದೆ, ಅವನು ನಡುಮನೆಯಲ್ಲಿ ನಿಂತೇ ಡಬ್ಬ ಕಟ್ಟಿಸಿಕೊಂಡ. ಯಾಸ್ಮಿನ್ ಗೋಡೆಯ ಪ್ರತಿ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಅವನ ಭುಜ ಕುಲುಕತೊಡಗಿತು. ತನ್ನ ಮಾತಿಗೆ ತಾನೇ ಹೂಂಗುಟ್ಟಿದ. ತನ್ನ ಕೈಗಳನ್ನು ತಾನೇ ನೋಡಿ, “ಅಯ್ಯೋ ಅವ್ವ” ಎಂದು ಬಿಕ್ಕಿದ. ಡಬ್ಬದ ಕೆಳಗಿನಿಂದ ಕಣ್ಣೀರೂ ಸಿಂಬಳವೂ ಕೂಡಿ ಮೀಸೆಯ ಮೇಲೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ, ತಾನು ಯಾರಿಗೂ ಕಾಣುತ್ತಿಲ್ಲವಲ್ಲ! ಇದೇ ಸಿನಿಮಾಕ್ಕೆ ಯಾಸ್ಮಿನ್ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದಳು.

ಮುದ್ದಕ್ಕ ಒಳಗಿನಿಂದ ಅವನಿಗೆ ಕುಡಿಯುವ ನೀರು ತಂದಳು. ಅವನ ಬೆನ್ನ ಹಿಂದೆ, ಒಂದು ಮಾರಿಗಿಂತ ಹತ್ತಿರದಲ್ಲಿ ಬಂದು ನಿಂತಳು.

“ಸುತ್ತಾ ಕಾಣ್ತದೆ ಅಂದಿದ್ರಲ್ಲ ಮೇಡಮ್ಮ, ಹಿಂದ್ಗಡೇನೂ ಕಾಣ್ತದಾ?” ಎನ್ನುತ್ತಾ ರಾಮಾಂಜನೇಯ ಹೆಜ್ಜೆ ಕಿತ್ತು ಹಿಂದಕ್ಕೆ ತಿರುಗಿದ. ಈಗ ಗಂಡ ಹೆಂಡತಿ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಅವನು ಕತ್ತು ಎತ್ತಿದ, ಬಗ್ಗಿಸಿದ, ಅವಳ ಮುಖದ ಮೇಲೆಲ್ಲ ಡಬ್ಬವನ್ನು ಆಡಿಸಿದ.

ಮುದ್ದಕ್ಕ ಹಿಂದೆ ಸರಿಯಲಿಲ್ಲ. ಮೂಗಿನ ಹೊಳ್ಳೆ ನಿಧಾನವಾಗಿ ಅರಳಿತು. ತುಟಿ ಒಂದು ಕಡೆಗೆ ಎಳೆಯಿತು.

“ಏನೂ ಇಲ್ವಲ್ಲ ಮೇಡಮ್ಮ,” ಎಂದ ರಾಮಾಂಜನೇಯ. “ಬರೀ ಗ್ವಾಡೆ.”

“ಹೂಂ,” ಎಂದಳು ಯಾಸ್ಮಿನ್, “ಬರೀ ಗೋಡೆ.”

ಮುದ್ದಕ್ಕ ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈ ಸೊಂಟದ ಸಂಚಿಯ ಮೇಲೆ ಇಟ್ಟುಕೊಂಡು, ಸಿನಿಮಾ ಮುಗಿಯುವವರೆಗೂ ಅವನನ್ನೇ ನೋಡುತ್ತಾ ನಿಂತಿದ್ದಳು.